ಒಂದೂವರೆ ವರ್ಷದ ಮಗನಿಗೆ ಮೊಟ್ಟೆ ಅಲರ್ಜಿ ಅನುಮಾನ. ಅಲರ್ಜಿ ಡಾಕ್ಟರ್ ಹತ್ತಿರ ಹೋಗುವ ಮುಂಚೆ ಏನೇನು ತಯಾರಿ?

ಪಾಪುವಿನಮ್ಮ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಮೂರು ವಾರದ ಹಿಂದೆ ಬೆಳಿಗ್ಗೆ ಮಗನಿಗೆ ಮೊಟ್ಟೆ ಕದಡಿ ಬೇಯಿಸಿ ಎರಡು ಚಮಚ ತಿನ್ನಿಸಿದೆ. ಹತ್ತು ನಿಮಿಷವೂ ಆಗಿರಲಿಲ್ಲ, ಬಾಯಿ ಸುತ್ತ ಕೆಂಪಾಯಿತು. ಆಮೇಲೆ ಹೊಟ್ಟೆ, ಬೆನ್ನ ಮೇಲೆಲ್ಲ ಗಂಧೆ ಎದ್ದಿತು. ಒಂದು ಸಲ ವಾಂತಿಯನ್ನೂ ಮಾಡಿಕೊಂಡ. ಉಸಿರಾಟಕ್ಕೆ ಏನೂ ಆಗಲಿಲ್ಲ. ಮಕ್ಕಳ ಡಾಕ್ಟರ್ ಸಿರಪ್ ಕೊಟ್ಟರು, ಮಧ್ಯಾಹ್ನಕ್ಕೆಲ್ಲ ಇಳಿಯಿತು. "ಒಮ್ಮೆ ಅಲರ್ಜಿ ತಜ್ಞರಿಗೆ ತೋರಿಸಿಬಿಡಿ" ಅಂದರು.

ಅವತ್ತಿನಿಂದ ನನಗೆ ಭಯ ಹತ್ತಿಕೊಂಡಿದೆ. ಮೊಟ್ಟೆ ಬಿಡಿಸಿದೆ. ಅಷ್ಟಕ್ಕೇ ಸುಮ್ಮನಾಗಲಿಲ್ಲ, ಹಾಲು, ಗೋಧಿ, ಮೀನು ಎಲ್ಲ ಬಿಡಿಸಿದೆ. ಕಡಲೆಕಾಯಿ ಅಂತೂ ಇನ್ನೂ ಕೊಟ್ಟೇ ಇಲ್ಲ. ಅವನಿಗೆ ಹುಟ್ಟಿದ ಮೂರು ತಿಂಗಳಿಂದ ಕೆನ್ನೆ, ಮೊಣಕೈ ಹತ್ತಿರ ಇಸುಬು ಬೇರೆ ಇದೆ. ತುರಿಕೆಗೆ ರಾತ್ರಿ ಅದೇ ಸಿರಪ್ ಕೊಡುತ್ತಿದ್ದೇನೆ.

ಇವತ್ತಿಗೆ ಎಂಟು ದಿನಕ್ಕೆ ಅಪಾಯಿಂಟ್‌ಮೆಂಟ್. ಅಲ್ಲಿ ಏನು ಮಾಡುತ್ತಾರೆ? ಚುಚ್ಚಿದರೆ ತುಂಬಾ ನೋವಾಗುತ್ತಾ? ಒಂದೇ ಸಲ ಎಲ್ಲ ಪದಾರ್ಥಕ್ಕೂ ಟೆಸ್ಟ್ ಮಾಡಿಸಿಬಿಡಲಾ? ನಮ್ಮವನು ಎರಡು ನಿಮಿಷ ಒಂದು ಕಡೆ ಕೂರುವ ಪೈಕಿ ಅಲ್ಲ. ಅನುಭವ ಇದ್ದವರು ಹೇಳಿ.

ಎರಡು ಜಡೆ
ಗಂಧೆ ಎದ್ದಾಗ ಫೋಟೋ ತೆಗೆದಿದ್ದೀರಾ?

ಪಾಪುವಿನಮ್ಮ
ನನ್ನ ಕೈ ನಡುಗುತ್ತಿತ್ತು. ಇವರು ಒಂದು ತೆಗೆದಿದ್ದಾರೆ. ಅದರಲ್ಲಿ ಮಗುವಿಗಿಂತ ಸೋಫಾ ಚೆನ್ನಾಗಿ ಬಂದಿದೆ.

ಎರಡು ಜಡೆ
ಪರವಾಗಿಲ್ಲ, ಅದನ್ನೇ ತಗೊಂಡು ಹೋಗಿ. ಗಂಧೆ ಡಾಕ್ಟರ್ ಮುಂದೆ ಯಾವತ್ತೂ ಏಳುವುದಿಲ್ಲ, ಮನೆಯಲ್ಲೇ ಎದ್ದು ಮನೆಯಲ್ಲೇ ಇಳಿಯುತ್ತದೆ.

ಅರೆನಿದ್ದೆ ಅಪ್ಪ
ಪಾಪುವಿನಮ್ಮ ಅವರೇ, ಆ ರಾತ್ರಿ ಸಿರಪ್ ಬಗ್ಗೆ ಇವತ್ತೇ ಫೋನ್ ಮಾಡಿ ಕೇಳಿ. ಇವತ್ತೇ!

ನಮ್ಮ ಕಥೆ ಕೇಳಿ. ಎರಡು ತಿಂಗಳು ಕಾದು ಅಪಾಯಿಂಟ್‌ಮೆಂಟ್ ಸಿಕ್ಕಿತು. ರಜೆ ಹಾಕಿ, ಮಗಳನ್ನು ಬೇಗ ಎಬ್ಬಿಸಿ, ಗಂಟೆಗಟ್ಟಲೆ ಪ್ರಯಾಣ ಮಾಡಿ ಹೋದೆವು. ಒಳಗೆ ಕೂತ ಮೇಲೆ ನರ್ಸ್ ಕೇಳಿದರು, "ಈ ವಾರ ಏನಾದರೂ ಸಿರಪ್ ಕೊಟ್ಟಿದ್ದೀರಾ?" ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮೂರು ದಿನದ ಹಿಂದೆ ನೆಗಡಿ ಅಂತ ಒಂದು ಸಿರಪ್ ಕೊಟ್ಟಿದ್ದೆವು. ಅದರಲ್ಲೂ ಅಲರ್ಜಿ ಔಷಧಿ ಸೇರಿರುತ್ತದೆ ಅಂತ ಯಾರಿಗೆ ಗೊತ್ತು? ಆದರೂ ನೋಡೋಣ ಅಂತ ಚುಚ್ಚಿದರು. ಏಳಲೇಬೇಕಾದ ಚುಕ್ಕೆಯೂ ಏಳಲಿಲ್ಲ. ಮನೆಗೆ ವಾಪಸ್.

ಸೆಟಿರಿಜಿನ್ ಥರದ ಔಷಧಿಗಳನ್ನು ಸಾಮಾನ್ಯವಾಗಿ ಐದರಿಂದ ಏಳು ದಿನ ಮುಂಚೆ ನಿಲ್ಲಿಸಬೇಕು ಅನ್ನುತ್ತಾರೆ. ಆದರೆ ಮೊದಲು ಕೇಳಿ, ಆಮೇಲೆ ನಿಲ್ಲಿಸಿ.

ತರಲೆ ತಮ್ಮ
"ಏಳಲೇಬೇಕಾದ ಚುಕ್ಕೆ" ಅಂದರೆ ಏನು ಸಾರ್?

ಬಿಳಿಕೋಟು
ನಾನು ಹೇಳುತ್ತೇನೆ, ಒಂದು ಅಲರ್ಜಿ ಕ್ಲಿನಿಕ್ಕಿನಲ್ಲಿ ವರ್ಷಗಟ್ಟಲೆ ಚುಚ್ಚಿದ ಕೈ ನನ್ನದು.

ಕೈ ಮೇಲೋ, ತೀರಾ ಚಿಕ್ಕ ಮಕ್ಕಳಾದರೆ ಬೆನ್ನ ಮೇಲೋ, ಒಂದೊಂದು ಪದಾರ್ಥದ ಒಂದೊಂದು ಹನಿ ಇಡುತ್ತೇವೆ. ಹನಿಯ ಮೇಲಿಂದ ಚಿಕ್ಕ ಮೊನೆಯಲ್ಲಿ ಚರ್ಮವನ್ನು ಗೀರಿದ ಹಾಗೆ ಚುಚ್ಚುತ್ತೇವೆ. ಇಂಜೆಕ್ಷನ್ ಥರ ಅಲ್ಲ, ರಕ್ತ ಬರುವುದಿಲ್ಲ. ಅದರ ಜೊತೆ ಇನ್ನೂ ಎರಡು ಹನಿ ಇರುತ್ತದೆ. ಒಂದು ಹಿಸ್ಟಮಿನ್, ಅದು ಯಾರಿಗಾದರೂ ಉಬ್ಬಲೇಬೇಕು. ಇನ್ನೊಂದು ಉಪ್ಪುನೀರು, ಅದು ಉಬ್ಬಬಾರದು. ಹಿಸ್ಟಮಿನ್ನೇ ಉಬ್ಬಲಿಲ್ಲ ಅಂದರೆ ಮೈಯಲ್ಲಿ ಔಷಧಿ ಇನ್ನೂ ಕೆಲಸ ಮಾಡುತ್ತಿದೆ ಅಂತ ಅರ್ಥ, ಆ ಟೆಸ್ಟ್ ನಂಬುವ ಹಾಗಿಲ್ಲ.

ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ಅಳೆಯುತ್ತೇವೆ. ಉಪ್ಪುನೀರಿನ ಚುಕ್ಕೆಗಿಂತ 3 ಮಿಲಿಮೀಟರೋ ಅದಕ್ಕಿಂತ ಜಾಸ್ತಿಯೋ ಉಬ್ಬಿದರೆ ಪಾಸಿಟಿವ್ ಅನ್ನುತ್ತೇವೆ. ಮಕ್ಕಳು ಅಳುವುದು ಚುಚ್ಚಿದ್ದಕ್ಕಲ್ಲ, ಹಿಡಿದುಕೊಂಡಿದ್ದಕ್ಕೆ. ಆಮೇಲೆ ತುರಿಕೆಗೆ.

ಪುರುಸೊತ್ತಿಲ್ಲ
ಇಷ್ಟೆಲ್ಲ ಯಾಕೆ? ಸುಮ್ನೆ ಒಂದು ರಕ್ತ ಪರೀಕ್ಷೆ ಪ್ಯಾಕೇಜ್ ಮಾಡಿಸಿಬಿಡಿ. ಒಂದೇ ಸಲ ನೂರಾರು ಪದಾರ್ಥಕ್ಕೆ ನೋಡುತ್ತಾರೆ. ಸಿರಪ್ ನಿಲ್ಲಿಸುವ ರಗಳೆಯೂ ಇಲ್ಲ. ಯಾವುದು ಪಾಸಿಟಿವ್ ಬರುತ್ತದೋ ಅದನ್ನು ಬಿಡಿಸಿದರೆ ಮುಗಿಯಿತು.

ಒಗರು
ದಯವಿಟ್ಟು ಇವರ ಮಾತು ಕೇಳಬೇಡಿ. ನಾನು ಅದನ್ನೇ ಮಾಡಿದ್ದೆ.

ಮಗನಿಗೆ ಆಗ ಹದಿನಾಲ್ಕು ತಿಂಗಳು. ಕಡಲೆಕಾಯಿ ಪೇಸ್ಟ್ ನೆಕ್ಕಿದಾಗ ತುಟಿ ಊದಿತು. ಗಾಬರಿಯಲ್ಲಿ ದೊಡ್ಡ ಪ್ಯಾಕೇಜ್ ಮಾಡಿಸಿದೆ. ರಿಪೋರ್ಟ್‌ನಲ್ಲಿ ಹನ್ನೊಂದು ಪದಾರ್ಥದ ಎದುರು ಕೆಂಪು ಗುರುತು. ಹಾಲು, ಗೋಧಿ, ಸೋಯಾ, ಎಳ್ಳು, ಬಾಳೆಹಣ್ಣು ಸಮೇತ. ಅವನು ಅದುವರೆಗೂ ದಿನಾ ಹಾಲು ಕುಡಿಯುತ್ತಿದ್ದ, ದಿನಾ ಬಾಳೆಹಣ್ಣು ತಿನ್ನುತ್ತಿದ್ದ! ಆದರೂ ಕಾಗದದಲ್ಲಿ ಕೆಂಪು ಇದೆ ಅಂತ ಎಲ್ಲ ಬಿಡಿಸಿದೆ. ಐದು ತಿಂಗಳು. ತೂಕ ಏರುವುದೇ ನಿಂತಿತು. ಊಟದ ಹೊತ್ತು ಬಂತೆಂದರೆ ಇಬ್ಬರೂ ಅಳುವುದು.

ಎರಡನೇ ಡಾಕ್ಟರ್ ರಿಪೋರ್ಟನ್ನು ಮಡಚಿ ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿದರು. "ಈ ಕಾಗದ ಬರುವ ಮುಂಚೆ ಇವನು ಗೋಧಿ ತಿನ್ನುತ್ತಿದ್ದನಾ? ತಿಂದಾಗ ಏನಾದರೂ ಆಗಿತ್ತಾ?" ತಿನ್ನುತ್ತಿದ್ದ, ಏನೂ ಆಗಿರಲಿಲ್ಲ. "ಹಾಗಾದರೆ ಯಾಕೆ ಬಿಡಿಸಿದಿರಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದೊಂದಾಗಿ ವಾಪಸ್ ತಂದೆವು. ತಿಂಗಳುಗಟ್ಟಲೆ ಬಿಟ್ಟಿದ್ದರಿಂದ ಕೆಲವನ್ನು ಅವರ ಎದುರೇ ತಿನ್ನಿಸಬೇಕಾಯಿತು. ಕೊನೆಗೆ ಉಳಿದದ್ದು ಕಡಲೆಕಾಯಿ ಒಂದೇ. ಅದು ನನಗೆ ಮೊದಲ ದಿನವೇ ಗೊತ್ತಿತ್ತಲ್ಲ.

ಪುರುಸೊತ್ತಿಲ್ಲ
ನಿಮ್ಮ ಲ್ಯಾಬ್ ಸರಿ ಇರಲಿಲ್ಲ ಅನ್ನಿ. ರಕ್ತ ಸುಳ್ಳು ಹೇಳುತ್ತಾ?

ಬಿಳಿಕೋಟು
ಲ್ಯಾಬ್ ಸರಿಯೇ ಇದ್ದಿರಬಹುದು. ಆ ಪರೀಕ್ಷೆ ನೋಡುವುದು ಐಜಿಇ ಅನ್ನುವ ಪ್ರತಿಕಾಯವನ್ನು. ರಕ್ತದಲ್ಲಿ ಐಜಿಇ ಇದೆ ಅಂದರೆ ಮೈ ಆ ಪದಾರ್ಥವನ್ನು ಗುರುತು ಹಿಡಿದಿದೆ ಅಂತ ಮಾತ್ರ. ಗುರುತು ಹಿಡಿದವರೆಲ್ಲ ಜಗಳಕ್ಕೆ ಬರುವುದಿಲ್ಲ. ತಿಂದಾಗ ಲಕ್ಷಣ ಬಂದರೆ ಮಾತ್ರ ಅಲರ್ಜಿ. ಇಸುಬು ಇರುವ ಮಕ್ಕಳಲ್ಲಂತೂ ಈ ಸುಮ್ಮನೆ ಪಾಸಿಟಿವ್ ಬರುವುದು ಜಾಸ್ತಿ. ಚುಚ್ಚಿ ನೋಡುವ ಟೆಸ್ಟ್‌ಗೂ ಇದೇ ಮಾತು. ಅದಕ್ಕೇ ಒಳ್ಳೆ ಡಾಕ್ಟರ್ ಮೊದಲ ಅರ್ಧ ಗಂಟೆ ಬರೀ ಕಥೆ ಕೇಳುತ್ತಾರೆ. ಕಥೆಯಲ್ಲಿ ಅನುಮಾನ ಬಂದ ಪದಾರ್ಥಕ್ಕೆ ಮಾತ್ರ ಟೆಸ್ಟ್.

ಇನ್ನೊಂದು. ಚುಕ್ಕೆ ದೊಡ್ಡದಾದರೆ, ರಕ್ತದ ಐಜಿಇ ನಂಬರ್ ಜಾಸ್ತಿಯಾದರೆ ಅಲರ್ಜಿ ಇರುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ. ರಿಯಾಕ್ಷನ್ ಎಷ್ಟು ಜೋರಾಗಿ ಬರುತ್ತದೆ ಅಂತ ಅದರಿಂದ ಹೇಳಲು ಆಗುವುದಿಲ್ಲ. ಇದನ್ನು ಅಪ್ಪ ಅಮ್ಮಂದಿರು ಯಾವಾಗಲೂ ತಪ್ಪು ತಿಳಿದುಕೊಳ್ಳುತ್ತಾರೆ.

ಪುರುಸೊತ್ತಿಲ್ಲ
ಸರಿ, ಐಜಿಇ ಬಿಡಿ. ಐಜಿಜಿ ಅಂತ ಇನ್ನೊಂದು ಟೆಸ್ಟ್ ಇದೆಯಲ್ಲ, ಫುಡ್ ಸೆನ್ಸಿಟಿವಿಟಿ ಅಂತಾರೆ, ಅದು?

ಬಿಳಿಕೋಟು
ಅದು ಬೇಡವೇ ಬೇಡ. ಐಜಿಜಿ ಬೇರೊಂದು ಬಗೆಯ ಪ್ರತಿಕಾಯ, ಆಹಾರದ ಐಜಿಜಿ ಇದೆ ಅಂದರೆ ಮಗು ಆ ಪದಾರ್ಥ ತಿಂದಿದೆ ಅಂತ ಅಷ್ಟೇ. 2008ರಲ್ಲೇ ಯುರೋಪಿನ ಅಲರ್ಜಿ ತಜ್ಞರ ಅಕಾಡೆಮಿ ಇದನ್ನು ಅಲರ್ಜಿ ಪತ್ತೆಗೆ ಬಳಸಬೇಡಿ ಅಂದಿದೆ. ಕೂದಲು ಕಳಿಸಿ ಮಾಡಿಸುವ ಟೆಸ್ಟೂ ಅಷ್ಟೇ.

ತರಲೆ ತಮ್ಮ
ನನ್ನ ಕೂದಲು ಕಳಿಸಿದರೆ ಶ್ಯಾಂಪೂ ಅಲರ್ಜಿ ಅಂತ ಬರುತ್ತೇನೋ.

ಮೊಮ್ಮಕ್ಕಳಜ್ಜಿ
ನಾನು ನಾಲ್ಕು ಹೆತ್ತವಳು, ಮೊಮ್ಮಕ್ಕಳು ಆರು. ನಮ್ಮ ಕಾಲದಲ್ಲಿ ಈ ಅಲರ್ಜಿ ಗಿಲರ್ಜಿ ಯಾವುದೂ ಇರಲಿಲ್ಲ. ಎಲ್ಲವನ್ನೂ ಬೇಗ ಬೇಗ ತಿನ್ನಿಸುತ್ತಿದ್ದೆವು. ಈಗಿನವರು ಪುಸ್ತಕ ನೋಡಿ ಮಗು ಸಾಕುತ್ತೀರಿ.

ಕಾಗೆಬಳಗ
ಅಜ್ಜಿ, ಅಲರ್ಜಿ ಅನ್ನುವ ಪದವೇ 1906ರದ್ದು. ಕ್ಲೆಮೆನ್ಸ್ ಫಾನ್ ಪಿರ್ಕೆ ಅನ್ನುವ ಮಕ್ಕಳ ಡಾಕ್ಟರೇ ಕಟ್ಟಿದ ಪದ. ಹಾಗಾಗಿ ನಿಮ್ಮ ಕಾಲದಲ್ಲೂ ಇತ್ತು.

ಆದರೆ ಬೇಗ ತಿನ್ನಿಸುವ ವಿಷಯದಲ್ಲಿ ನೀವು ಗೆದ್ದಿರಿ! 2000ದಲ್ಲಿ ಅಮೆರಿಕದ ಮಕ್ಕಳ ಡಾಕ್ಟರುಗಳ ಅಕಾಡೆಮಿ, ಅಲರ್ಜಿಯ ಅಪಾಯ ಇರುವ ಮಕ್ಕಳಿಗೆ ಮೊಟ್ಟೆ ಎರಡು ವರ್ಷದ ತನಕ, ಕಡಲೆಕಾಯಿ ಮೂರು ವರ್ಷದ ತನಕ ಬೇಡ ಅಂದಿತ್ತು. 2008ರಲ್ಲಿ, ಹಾಗೆ ತಡ ಮಾಡುವುದರಿಂದ ಲಾಭ ಇದೆ ಅನ್ನಲು ಆಧಾರ ಸಾಲದು ಅಂತ ಹಿಂದೆ ಸರಿಯಿತು. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ಅವರ ತಂಡದ ಲೀಪ್ ಅಧ್ಯಯನ ಬಂತು. ಜೋರು ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ 640 ಕೂಸುಗಳು. ಅರ್ಧದಷ್ಟು ಮಕ್ಕಳಿಗೆ ಮೊದಲ ವರ್ಷದಿಂದಲೇ ಕಡಲೆಕಾಯಿ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಐದು ವರ್ಷ ತುಂಬುವಾಗ, ಕೊಟ್ಟವರಲ್ಲಿ ಕಡಲೆಕಾಯಿ ಅಲರ್ಜಿ ಸುಮಾರು ಶೇಕಡಾ 80ರಷ್ಟು ಕಡಿಮೆ ಇತ್ತು.

ಮೊಮ್ಮಕ್ಕಳಜ್ಜಿ
ನೋಡಿದೆಯಾ. ಇದನ್ನು ಹೇಳಲು ಲಂಡನ್ನಿಗೆ ಹೋಗಬೇಕಿತ್ತಾ?

ಗಡಿಬಿಡಿ
ಹಾಗಾದರೆ ಪಾಪುವಿನಮ್ಮ, ಹೋಗುವ ಮುಂಚೆ ಮನೆಯಲ್ಲೇ ಒಂದು ಚೂರು ಮೊಟ್ಟೆ ಕೊಟ್ಟು ನೋಡಿಬಿಡಿ. ಅಲರ್ಜಿ ಹೌದೋ ಅಲ್ಲವೋ ಖಾತ್ರಿ ಆಗುತ್ತದೆ.

ಒಗರು
ಅಯ್ಯೋ ಬೇಡ!

ಅರೆನಿದ್ದೆ ಅಪ್ಪ
ಬೇಡ ಬೇಡ ಬೇಡ.

ಕಾಗೆಬಳಗ
ಬೇಗ ಕೊಡುವುದು ಅಲರ್ಜಿ ಬರದ ಹಾಗೆ ತಡೆಯಲು. ಈ ಮಗುವಿಗೆ ಆಗಲೇ ರಿಯಾಕ್ಷನ್ ಆಗಿದೆ, ಅದು ಬೇರೆ ವಿಷಯ. ಲೀಪ್‌ನಲ್ಲೂ ಮೊದಲು ಚುಚ್ಚಿ ನೋಡಿ, ದೊಡ್ಡ ಚುಕ್ಕೆ ಎದ್ದ ಮಕ್ಕಳನ್ನು ಸೇರಿಸಿಕೊಳ್ಳಲೇ ಇಲ್ಲ.

ಬಿಳಿಕೋಟು
ತಿನ್ನಿಸಿ ನೋಡುವುದೇ ಕೊನೆಯ ತೀರ್ಪು, ಅದು ನಿಜ. ಫುಡ್ ಚಾಲೆಂಜ್ ಅನ್ನುತ್ತೇವೆ. ಆದರೆ ಅದು ನಮ್ಮ ಎದುರಿಗೆ, ಔಷಧಿ ಕೈಗೆ ಸಿಗುವ ಹಾಗೆ ಇಟ್ಟುಕೊಂಡು. ಚಿಟಿಕೆಯಿಂದ ಶುರು ಮಾಡಿ ಹದಿನೈದು, ಇಪ್ಪತ್ತು, ಮೂವತ್ತು ನಿಮಿಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತೇವೆ. ಕೊನೆಯ ತುತ್ತಾದ ಮೇಲೂ ಗಂಟೆಗಟ್ಟಲೆ ಕೂರಿಸಿಕೊಳ್ಳುತ್ತೇವೆ. ಅರ್ಧ ದಿನದ ಕೆಲಸ.

ಪಾಪುವಿನಮ್ಮ, ಆ ವಾಂತಿಯ ವಿಷಯ ಮರೆಯದೆ ಹೇಳಿ. "ಗಂಧೆ ಎದ್ದಿತು" ಅಂತ ಅಷ್ಟೇ ಹೇಳಿ ಬರುವವರು ತುಂಬಾ ಜನ. ಚರ್ಮದ ಜೊತೆ ಹೊಟ್ಟೆಯೂ ಸೇರಿತು ಅಂದರೆ ಡಾಕ್ಟರ್ ಅದನ್ನು ಬೇರೆ ಕಣ್ಣಿನಿಂದಲೇ ನೋಡುತ್ತಾರೆ. ಜೋರು ರಿಯಾಕ್ಷನ್ ಆದಾಗ ಮನೆಯವರೇ ಚುಚ್ಚುವ ಅಡ್ರಿನಲಿನ್ ಪೆನ್ ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ.

ಪಾಪುವಿನಮ್ಮ
ಅಡ್ರಿನಲಿನ್ ಅಂದ ತಕ್ಷಣ ನನಗೆ ಬೆವರು ಬಂತು. ಸಿರಪ್ ಸಾಲದಾ?

ಬಿಳಿಕೋಟು
ಗಂಧೆ, ತುರಿಕೆಗೆ ಸಿರಪ್ ಸಾಕು. ಉಸಿರು ಕಟ್ಟಿದಾಗ, ಧ್ವನಿ ಗೊಗ್ಗರಾದಾಗ, ಮಗು ಬಿಳಿಚಿಕೊಂಡು ಜೋತು ಬಿದ್ದಾಗ ಸಿರಪ್ ನಂಬಿಕೊಂಡು ಕೂರುವ ಹಾಗಿಲ್ಲ. ಆಗ ಮೊದಲ ಔಷಧಿ ಅಡ್ರಿನಲಿನ್ನೇ. ತೊಡೆಯ ಹೊರಭಾಗಕ್ಕೆ, ಬಟ್ಟೆ ಮೇಲಿಂದಲೇ ಆದರೂ ಸರಿ. ಮಗುವನ್ನು ಮಲಗಿಸಿರಬೇಕು, ಎತ್ತಿ ನಿಲ್ಲಿಸಬಾರದು. ಉಸಿರಾಡಲು ಕಷ್ಟ ಪಡುತ್ತಿದ್ದರೆ ಮಾತ್ರ ಕೂರಿಸಿಕೊಳ್ಳಬಹುದು. ಕೊಟ್ಟ ಮೇಲೆ ಚೇತರಿಸಿಕೊಂಡರೂ ಆಸ್ಪತ್ರೆಗೆ ಹೋಗಲೇಬೇಕು. ಕೆಲವರಿಗೆ ಕೆಲವು ಗಂಟೆ ಬಿಟ್ಟು ಮತ್ತೆ ಬರುತ್ತದೆ.

ಎರಡು ಜಡೆ
ನನ್ನ ಮಗಳದ್ದು ವಿಚಿತ್ರ ಕೇಸ್, ಹೇಳಿಬಿಡುತ್ತೇನೆ. ಎಂಟು ತಿಂಗಳಿದ್ದಾಗ ಓಟ್ಸ್ ಗಂಜಿ ತಿಂದ ಎರಡು ಗಂಟೆಗೆ ವಾಂತಿ ಶುರು. ಒಂದಲ್ಲ, ಎಂಟು ಸಲ. ಸುಣ್ಣದ ಹಾಗೆ ಬಿಳಿಚಿಕೊಂಡಳು. ಗಂಧೆ ಇಲ್ಲ, ತುರಿಕೆ ಇಲ್ಲ. ಹೊಟ್ಟೆ ಸೋಂಕು ಅಂದರು. ಮುಂದಿನ ತಿಂಗಳು ಅದೇ ಗಂಜಿ, ಅದೇ ಕಥೆ. ಆಗ ನನಗೆ ಅನುಮಾನ ಬಂತು. ಚುಚ್ಚಿ ನೋಡಿದರೂ ನೆಗೆಟಿವ್, ರಕ್ತವೂ ನೆಗೆಟಿವ್. ಅಲರ್ಜಿ ಡಾಕ್ಟರ್ ಮಾತ್ರ ಕಥೆ ಕೇಳಿದ್ದೇ "ಇದು ಎಫ್‌ಪೈಸ್" ಅಂದರು. ಐಜಿಇ ಇಲ್ಲದೆ ಕರುಳಿಗೆ ಬರುವ ಅಲರ್ಜಿಯಂತೆ. ಚುಚ್ಚುವ ಟೆಸ್ಟ್‌ನಲ್ಲಿ, ರಕ್ತದಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಎಷ್ಟು ಹೊತ್ತಿಗೆ ವಾಂತಿ ಅನ್ನುವುದೇ ಸುಳಿವು.

ಅದಕ್ಕೇ ಹೇಳುವುದು, ಗಡಿಯಾರ ನೋಡಿ ಬರೆದಿಡಿ. ಏನು ತಿಂದ, ಎಷ್ಟು, ಎಷ್ಟು ನಿಮಿಷಕ್ಕೆ ಏನಾಯಿತು, ಎಷ್ಟು ಹೊತ್ತಿಗೆ ಇಳಿಯಿತು, ಅವತ್ತು ಜ್ವರ ನೆಗಡಿ ಇತ್ತಾ. ವೈರಸ್ ಜ್ವರಕ್ಕೂ ಮಕ್ಕಳಿಗೆ ಗಂಧೆ ಏಳುತ್ತದೆ.

ಸಂತೆಗದ್ದಲ
ಹಾಲು ಬಿಡಿಸಿದ್ದೀರಿ ಅಂದಿರಲ್ಲ, ಮೇಕೆ ಹಾಲು ಕೊಡಿ. ಅದಕ್ಕೆ ಅಲರ್ಜಿ ಬರುವುದಿಲ್ಲ.

ಕಾಗೆಬಳಗ
ಬರುತ್ತದೆ. ಹಸುವಿನ ಹಾಲಿನ ಅಲರ್ಜಿ ಇರುವ ಹೆಚ್ಚಿನ ಮಕ್ಕಳಿಗೆ ಮೇಕೆ ಹಾಲೂ ಆಗುವುದಿಲ್ಲ, ಪ್ರೋಟೀನ್ ಅಷ್ಟು ಹತ್ತಿರ.

ಸಂತೆಗದ್ದಲ
ನನಗೂ ಹಾಲು ಆಗುವುದಿಲ್ಲ, ಹೊಟ್ಟೆ ಉಬ್ಬುತ್ತದೆ. ಲ್ಯಾಕ್ಟೋಸ್ ಇಲ್ಲದ ಹಾಲು ಕುಡಿದರೆ ಸರಿಹೋಗುತ್ತದೆ. ಮಗುವಿಗೂ ಅದನ್ನೇ ಕೊಡಬಹುದಲ್ವಾ?

ಕಾಗೆಬಳಗ
ನಿಮ್ಮದು ಅಲರ್ಜಿ ಅಲ್ಲ ಸ್ವಾಮಿ, ಹಾಲಿನ ಸಕ್ಕರೆ ಅರಗದೇ ಇರುವುದು. ಲ್ಯಾಕ್ಟೋಸ್ ಇಲ್ಲದ ಹಾಲಿನಲ್ಲೂ ಪ್ರೋಟೀನ್ ಹಾಗೇ ಇರುತ್ತದೆ. ಅದೂ ಅಲ್ಲದೆ ಈ ಮಗುವಿಗೆ ಹಾಲಿನಿಂದ ಏನೂ ಆಗಿಯೇ ಇಲ್ಲ, ಅಮ್ಮನಿಗೆ ಭಯ ಆಗಿದೆ ಅಷ್ಟೇ.

ಪಾಪುವಿನಮ್ಮ
ಒಪ್ಪಿಕೊಂಡೆ. ಚುಚ್ಚಿತು ಮಾತು, ಆದರೆ ಒಪ್ಪಿಕೊಂಡೆ.

ಕ್ಲಿನಿಕ್‌ಗೆ ಫೋನ್ ಮಾಡಿದೆ. ಸಿರಪ್ ಇವತ್ತಿನಿಂದ ನಿಲ್ಲಿಸಿ, ತುರಿಕೆಗೆ ಮುಲಾಮು, ಮಾಯಿಶ್ಚರೈಸರ್ ಸಾಕು, ಬೆನ್ನಿಗೆ ಏನೂ ಹಚ್ಚಬೇಡಿ ಅಂದರು. ರಾತ್ರಿ ತುರಿಕೆ ಹೇಗೆ ತಡೆಯುತ್ತಾನೋ.

ಅರೆನಿದ್ದೆ ಅಪ್ಪ
ಉಗುರು ಕತ್ತರಿಸಿ, ಕೈಗೆ ಕಾಲುಚೀಲ ಹಾಕಿ. ನಮ್ಮ ಮಗಳು ಅದನ್ನು ಗೊಂಬೆ ಅಂತ ಮಾತಾಡಿಸಿಕೊಂಡು ಮಲಗುತ್ತಿದ್ದಳು.

ಒಗರು
ಒಂದು ಮುಖ್ಯ ಪ್ರಶ್ನೆ. ನಿಮ್ಮ ಮಗ ಯಾವತ್ತಾದರೂ ಕೇಕ್ ತಿಂದಿದ್ದಾನಾ? ಮೊಟ್ಟೆ ಹಾಕಿದ ಕೇಕ್?

ಪಾಪುವಿನಮ್ಮ
ಮೊದಲ ಹುಟ್ಟುಹಬ್ಬಕ್ಕೆ ಒಂದು ತುಂಡು ಪೂರ್ತಿ ತಿಂದಿದ್ದ. ಏನೂ ಆಗಿರಲಿಲ್ಲ. ಆಮೇಲೂ ಎರಡು ಮೂರು ಸಲ ತಿಂದಿದ್ದಾನೆ. ಅರೆ, ಇದು ನನಗೆ ಹೊಳೆದೇ ಇರಲಿಲ್ಲ! ಹಾಗಾದರೆ ಮೊಟ್ಟೆ ಅಲರ್ಜಿ ಅಲ್ಲವಾ?

ಒಗರು
ಹಾಗೇನಿಲ್ಲ. ಮೊಟ್ಟೆಯನ್ನು ಹಿಟ್ಟಿನಲ್ಲಿ ಕಲಸಿ ಜಾಸ್ತಿ ಹೊತ್ತು ಒಲೆಯಲ್ಲಿಟ್ಟು ಬೇಯಿಸಿದಾಗ ಅದರ ಕೆಲವು ಪ್ರೋಟೀನ್‌ಗಳು ರೂಪ ಕೆಡುತ್ತವೆ. ಮೊಟ್ಟೆ ಅಲರ್ಜಿ ಇರುವ ಮಕ್ಕಳಲ್ಲಿ ಹೆಚ್ಚು ಪಾಲು ಕೇಕ್ ತಡೆದುಕೊಳ್ಳುತ್ತಾರೆ. ಇದನ್ನು ಕಾಗದದ ಮೊದಲ ಸಾಲಿನಲ್ಲೇ ಬರೆದುಕೊಂಡು ಹೋಗಿ.

ತರಲೆ ತಮ್ಮ
ಕೂರಿಸುವ ಉಪಾಯ ಯಾರೂ ಹೇಳಲಿಲ್ಲ. ನನ್ನ ಅಕ್ಕನ ಮಗನಿಗೆ ಸೋಪಿನ ಗುಳ್ಳೆ ಊದಿದ್ದು ನಾನೇ. ಇಪ್ಪತ್ತು ನಿಮಿಷ. ಕೊನೆಗೆ ನನಗೇ ತಲೆ ಸುತ್ತು ಬಂತು, ನರ್ಸ್ ನನಗೆ ನೀರು ಕೊಟ್ಟರು.

ಎರಡು ಜಡೆ
ಮುಂದೆ ಗುಂಡಿ ಇರುವ ಅಂಗಿ ಹಾಕಿ, ಹಿಂದುಮುಂದಾಗಿ ತೊಡಿಸಿ. ಬೆನ್ನಿನಲ್ಲಿ ಚುಚ್ಚಿದರೆ ಅವನಿಗೆ ಕೈ ಎಟುಕುವುದಿಲ್ಲ. ನಿಮ್ಮ ಎದೆಗೆ ಅಪ್ಪಿಕೊಂಡು ಕೂರಿಸಿ. ಮೊಬೈಲಿನಲ್ಲಿ ಕಾರ್ಟೂನ್ ಹಾಕಿ, ಅವತ್ತು ಒಂದು ದಿನ ಯಾರೂ ಬೈಯುವುದಿಲ್ಲ.

ಗಡಿಬಿಡಿ
ಮೊಟ್ಟೆ ಅಲರ್ಜಿ ಅಂದರೆ ದಡಾರ ಲಸಿಕೆ ಕೊಡಿಸಬಾರದು ಅಂತಾರಲ್ಲ?

ಬಿಳಿಕೋಟು
ಕೊಡಿಸಬಹುದು. ಎಂಎಂಆರ್ ಮೊಟ್ಟೆ ಅಲರ್ಜಿ ಇದ್ದವರಿಗೂ ಕೊಡುತ್ತಾರೆ. ಈ ಹಳೆ ಭಯದಿಂದ ಲಸಿಕೆ ತಪ್ಪಿಸಬೇಡಿ.

ಪಾಪುವಿನಮ್ಮ
ಹೋಗಿ ಬಂದೆವು! ನಿನ್ನೆ ಬರೆಯಲು ಶಕ್ತಿ ಇರಲಿಲ್ಲ.

ಡಾಕ್ಟರ್ ನಲವತ್ತು ನಿಮಿಷ ಕಥೆ ಕೇಳಿದರು. ಸೋಫಾ ಫೋಟೋ ನೋಡಿ ನಕ್ಕರು, ಆದರೆ ಮೂಲೆಯಲ್ಲಿ ಹೊಟ್ಟೆಯ ಗಂಧೆ ಕಾಣಿಸುತ್ತದೆ, ಸಾಕು ಅಂದರು. ವಾಂತಿ ಹೇಳಿದಾಗ ಪೆನ್ನು ನಿಲ್ಲಿಸಿ ಎರಡು ಸಲ ಕೇಳಿದರು. ಟೆಸ್ಟ್ ಮಾಡಿದ್ದು ಮೊಟ್ಟೆ ಮತ್ತು ಕಡಲೆಕಾಯಿಗೆ ಮಾತ್ರ. ಹಾಲು, ಗೋಧಿ, ಮೀನಿಗೂ ಮಾಡಿ ಅಂದೆ. "ತಿಂದು ಅರಗಿಸಿಕೊಂಡಿದ್ದಾನೆ, ಅದೇ ಟೆಸ್ಟ್" ಅಂದರು. ಎಲ್ಲ ಇವತ್ತಿನಿಂದಲೇ ಶುರು ಮಾಡಿ, ಇಸುಬು ಇರುವ ಮಗುವಿಗೆ ಸುಮ್ಮನೆ ಬಿಡಿಸಿದರೆ ಇದ್ದ ಸಹನೆಯೂ ಹೋಗಬಹುದು ಅಂತ ಮೆತ್ತಗೇ ಬೈದರು. ಅತ್ತೆ ಪಕ್ಕದಲ್ಲೇ ಇದ್ದರು. ಇನ್ನು ಒಂದು ವರ್ಷ ಇದೇ ಮಾತು ಕೇಳಬೇಕು ನಾನು.

ಮೊಟ್ಟೆ 6 ಮಿಲಿಮೀಟರ್. ಕಡಲೆಕಾಯಿ ಸೊನ್ನೆ, ಅದನ್ನು ಈ ವಾರವೇ ಪೇಸ್ಟ್ ಮಾಡಿ ಗಂಜಿಯಲ್ಲಿ ಕಲಸಿ ಕೊಡಬೇಕಂತೆ, ಇಡೀ ಕಾಳು ಅಲ್ಲ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕದಡಿದ ಮೊಟ್ಟೆ, ಬೇಯಿಸಿದ ಮೊಟ್ಟೆ ಎರಡೂ ಬೇಡ. ಕೇಕ್ ಮಾತ್ರ ಬಿಡಿಸಬೇಡಿ, ವಾರಕ್ಕೆ ಎರಡು ಮೂರು ಸಲ ಕೊಡಿ ಅಂದರು. ಹೆಚ್ಚಿನ ಮಕ್ಕಳಿಗೆ ದೊಡ್ಡವರಾಗುತ್ತಾ ಮೊಟ್ಟೆ ಅಲರ್ಜಿ ಹೋಗುತ್ತದೆ, ವರ್ಷ ಬಿಟ್ಟು ಮತ್ತೆ ನೋಡೋಣ ಅಂದರು. ಅಡ್ರಿನಲಿನ್ ಬರೆದುಕೊಟ್ಟಿದ್ದಾರೆ. ಸೂಜಿ ಇಲ್ಲದ ಅಭ್ಯಾಸದ ಪೆನ್ನಿನಲ್ಲಿ ನಾನು, ಇವರು, ಅತ್ತೆ ಮೂವರೂ ತೊಡೆಗೆ ಒತ್ತಿ ಒತ್ತಿ ಕಲಿತೆವು. ಎಲ್ಲರಿಗಿಂತ ಮೊದಲು ಸರಿಯಾಗಿ ಮಾಡಿದ್ದು ಅತ್ತೆ.

ಚುಚ್ಚಿದಾಗ ಅವನು ಅಳಲೇ ಇಲ್ಲ. ಕಾರ್ಟೂನ್ ಮುಗಿದಾಗ ಅತ್ತ.

ಒಗರು
ಹನ್ನೊಂದರ ಬದಲು ಒಂದು. ಅದೂ ಅರ್ಧ. ಖುಷಿಯಾಯಿತು.

ಪುರುಸೊತ್ತಿಲ್ಲ
ಎರಡಕ್ಕೇ ಟೆಸ್ಟ್ ಮಾಡಿ ಕಳಿಸಿದರಾ? ನಾನಾಗಿದ್ದರೆ ಜಗಳ ಮಾಡುತ್ತಿದ್ದೆ.

ಅರೆನಿದ್ದೆ ಅಪ್ಪ
ಮಗುವನ್ನು ನೋಡಿಕೊಳ್ಳುವ ಎಲ್ಲರಿಗೂ ಡಾಕ್ಟರ್ ಬರೆದ ಹಾಳೆಯ ಒಂದೊಂದು ಪ್ರತಿ ಕೊಡಿ. ಪೆನ್ನಿನ ಕೊನೆಯ ತಾರೀಕು ಮೊಬೈಲಿನಲ್ಲಿ ಹಾಕಿಡಿ. ಬಿಸಿಲಲ್ಲಿ, ಕಾರಿನಲ್ಲಿ ಬಿಟ್ಟುಬಿಡಬೇಡಿ, ಫ್ರಿಜ್‌ನಲ್ಲೂ ಇಡಬೇಡಿ.

ಮೊಮ್ಮಕ್ಕಳಜ್ಜಿ
ಅದೆಲ್ಲ ಸರಿ. ಆ ಕೇಕ್ ಎಷ್ಟು ಹೊತ್ತು ಬೇಯಬೇಕು ಅಂತ ಕೇಳಿದೆಯಾ ಮಗಳೇ?

ಪಾಪುವಿನಮ್ಮ
ಕೇಳಿದೆ ಅಜ್ಜಿ. 180 ಡಿಗ್ರಿಯಲ್ಲಿ ಅರ್ಧ ಗಂಟೆ, ನಡುವೆ ಹಸಿ ಇರಬಾರದು. ಮೇಲೆ ಕ್ರೀಮ್ ಹಾಕುವುದಾದರೆ ಅದರಲ್ಲಿ ಹಸಿ ಮೊಟ್ಟೆ ಇದೆಯಾ ಅಂತ ನೋಡಬೇಕು. ನಮ್ಮ ಮೊದಲ ಕೇಕ್ ಒಲೆಯಲ್ಲಿದೆ, ಮಗ ಒಲೆಯ ಗಾಜಿನ ಮುಂದೆ ಕೂತು ಇಪ್ಪತ್ತು ನಿಮಿಷ ಆಯಿತು, ಅಲ್ಲಾಡಿಲ್ಲ.